ಕಾರು ಕೊಳ್ಳುವುದೋ, ತಿಂಗಳ ಬಾಡಿಗೆಗೆ ಇಟ್ಟುಕೊಳ್ಳುವುದೋ? ಮೊದಲು ವರ್ಷ ಎಣಿಸಿ

ಆರು ತಿಂಗಳ ಹಿಂದೆ ನನ್ನ ತಂಗಿಗೆ ಮಂಗಳೂರಿನಿಂದ ಬೆಂಗಳೂರಿಗೆ ವರ್ಗವಾಯಿತು. ಎರಡು ವರ್ಷದ ಕೆಲಸ. ಮುಗಿದ ಮೇಲೆ ಮತ್ತೆ ಊರಿಗೆ. ಮನೆ ಹಿಡಿದು, ಮಗುವಿನ ಶಾಲೆ ಗೊತ್ತುಮಾಡಿ, ಆಮೇಲೆ ನನಗೆ ಫೋನ್ ಮಾಡಿದಳು. "ಅಣ್ಣಾ, ಇಲ್ಲಿ ಆಫೀಸಿನಲ್ಲಿ ಎಲ್ಲರೂ ಕಾರು ಬಾಡಿಗೆಗೆ ಇಟ್ಕೋ ಅಂತಿದ್ದಾರೆ. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಮುಗೀತಂತೆ. ಕೊಂಡ್ಕೊಳ್ಳೋದೇ ಬೇಡ್ವಂತೆ. ನಿಜಾನಾ?"

ಪಕ್ಕದಲ್ಲಿದ್ದ ಅಮ್ಮ ಒಂದೇ ಮಾತು ಹೇಳಿದರು: "ಬಾಡಿಗೆ ಕಾರಿಗೆ ಯಾರಾದ್ರೂ ಆಯುಧಪೂಜೆ ಮಾಡ್ತಾರಾ?"

ಅಮ್ಮನ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಸ್ವಂತ ಗಾಡಿ ಅನ್ನುವುದಕ್ಕೆ ನಮ್ಮ ಮನೆಗಳಲ್ಲಿ ಒಂದು ಬೆಲೆ ಇದೆ. ಅದನ್ನು ರೂಪಾಯಿಯಲ್ಲಿ ಬರೆಯಲಾಗದು. ಆದರೆ ತಂಗಿ ಕೇಳಿದ್ದು ದುಡ್ಡಿನ ಪ್ರಶ್ನೆ. ಹಾಗಾಗಿ ಮುಂದಿನ ಭಾನುವಾರ ಅವಳ ಮನೆಗೆ ಹೋಗಿ, ಕಾಗದ ಪೆನ್ನು ಹಿಡಿದು ಕೂತೆವು. ಆವತ್ತು ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಪದದ ಗೊಂದಲ ತೀರಿಸಿಕೊಳ್ಳೋಣ. ನಮ್ಮಲ್ಲಿ ಮನೆ "ಲೀಸ್" ಅಂದರೆ ಭೋಗ್ಯ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟೂ ದುಡ್ಡು ವಾಪಸ್ ಪಡೆಯುವುದು. ಕಾರಿನ ಲೀಸ್ ಹಾಗಲ್ಲ. ಇಲ್ಲಿ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಕಟ್ಟಿದ್ದು ಕಟ್ಟಿದ ಹಾಗೆಯೇ, ವಾಪಸ್ ಬರುವುದಿಲ್ಲ. ಮೊದಲು ಕೊಟ್ಟ ಅಡ್ವಾನ್ಸ್ ಮಾತ್ರ ಕೊನೆಗೆ ಸಿಗುತ್ತದೆ. ತಂಗಿಯ ಮನೆಯವರೇ ಈ ಎರಡನ್ನೂ ಒಂದೇ ಅಂದುಕೊಂಡಿದ್ದರು.

ಕಾರು ಬಾಡಿಗೆಯಲ್ಲೂ ಎರಡು ಬಗೆ ಇದೆ. ಒಂದು, ಗಾಡಿ ಪೂರ್ತಿ ಕಂಪನಿಯ ಹೆಸರಿನಲ್ಲೇ ಇರುತ್ತದೆ. ನಂಬರ್ ಪ್ಲೇಟು ಕಪ್ಪು, ಅಕ್ಷರ ಹಳದಿ. ಇದು ನಾವೇ ಓಡಿಸುವ ಬಾಡಿಗೆ ಗಾಡಿಯ ಗುರುತು. ಇನ್ನೊಂದು, ಬಿಳಿ ಬೋರ್ಡಿನ ಗಾಡಿ. ಆರ್‌ಸಿಯಲ್ಲಿ ಇದು ಲೀಸ್ ಗಾಡಿ ಅಂತ ನಮೂದಾಗಿರುತ್ತದೆ. ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಇದಕ್ಕೆ ಅವಕಾಶ ಕೊಡುತ್ತದೆ. "ಸಬ್‌ಸ್ಕ್ರಿಪ್ಷನ್" ಅಂತ ಜಾಹೀರಾತಿನಲ್ಲಿ ಕಾಣುವುದು ಇವೆರಡರಲ್ಲಿ ಒಂದು. 2020ರಲ್ಲಿ ಮಾರುತಿ ಸುಜುಕಿ ಇಂಥ ಯೋಜನೆ ಶುರುಮಾಡಿದಾಗ ಮೊದಲು ಆರಿಸಿಕೊಂಡ ಊರುಗಳಲ್ಲಿ ಬೆಂಗಳೂರೂ ಒಂದು. ಕೆಲಸಕ್ಕೆಂದು ಬಂದು, ಕೆಲವೇ ವರ್ಷ ಇದ್ದು ಹೋಗುವವರು ಇಲ್ಲಿ ಅಷ್ಟೊಂದು ಜನ ಇದ್ದಾರೆ.

ಕೊಂಡರೆ ಎಷ್ಟು ಬೀಳುತ್ತದೆ

ಹೆಚ್ಚಿನವರು ತಪ್ಪುವುದು ಇಲ್ಲೇ. ತಿಂಗಳ ಕಂತು 16,600, ಬಾಡಿಗೆ 24,000, ಹಾಗಾದರೆ ಕೊಳ್ಳುವುದೇ ಅಗ್ಗ ಅಂತ ಕ್ಷಣದಲ್ಲಿ ತೀರ್ಮಾನಿಸುತ್ತಾರೆ. ಕಂತು ಅಂದರೆ ಕಾರಿನ ಖರ್ಚಿನ ಒಂದು ತುಂಡು ಅಷ್ಟೇ. ಬಾಡಿಗೆಯಲ್ಲಿ ಇನ್ಶೂರೆನ್ಸ್, ಸರ್ವಿಸ್, ರಸ್ತೆ ತೆರಿಗೆ ಎಲ್ಲ ಸೇರಿರುತ್ತವೆ. ಒಂದರ ತುಂಡನ್ನು ಇನ್ನೊಂದರ ಇಡಿಯ ಜೊತೆ ತೂಗಿದರೆ ತಕ್ಕಡಿ ಸರಿಯಾಗಿ ನಿಲ್ಲುವುದು ಹೇಗೆ?

ತಂಗಿ ನೋಡಿಟ್ಟಿದ್ದು ಎಕ್ಸ್ ಶೋರೂಂ ಬೆಲೆ 9 ಲಕ್ಷದ ಪೆಟ್ರೋಲ್ ಕಾರು. ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ತೆರಿಗೆಗಳಲ್ಲಿ ಒಂದು. 5 ಲಕ್ಷದೊಳಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಅದರ ಮೇಲೆ ಸೆಸ್. 9 ಲಕ್ಷದ ಕಾರಿಗೆ ಎಲ್ಲ ಸೇರಿ ಸುಮಾರು 1.4 ಲಕ್ಷ ಆಗುತ್ತದೆ. ಮೊದಲ ವರ್ಷದ ಇನ್ಶೂರೆನ್ಸ್ ಸುಮಾರು 40,000. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟುವುದು 2018ರಿಂದ ಕಡ್ಡಾಯ, ಅದೂ ಇದರಲ್ಲೇ ಬಂತು. ನೋಂದಣಿ, ಫಾಸ್ಟ್ಯಾಗ್, ಸಣ್ಣಪುಟ್ಟದ್ದಕ್ಕೆ 10,000. ಆನ್‌ರೋಡ್ ಬೆಲೆ 10.9 ಲಕ್ಷ ಮುಟ್ಟಿತು. ಶೋರೂಮಿನಲ್ಲಿ 9 ಅಂದದ್ದು ಮನೆಗೆ ಬರುವಷ್ಟರಲ್ಲಿ 11ರ ಹತ್ತಿರ.

ಇದರಲ್ಲಿ ಕೈಯಿಂದ 2.9 ಲಕ್ಷ, ಬ್ಯಾಂಕಿನಿಂದ 8 ಲಕ್ಷ. ಶೇ 9 ಬಡ್ಡಿ, ಐದು ವರ್ಷ. ಕಂತು 16,607 ರೂಪಾಯಿ. ಐದು ವರ್ಷಕ್ಕೆ ಕಟ್ಟುವ ಬಡ್ಡಿಯೇ 1.96 ಲಕ್ಷ.

ಇನ್ನೊಂದು ಖರ್ಚು ಕಣ್ಣಿಗೆ ಬೀಳುವುದೇ ಇಲ್ಲ. ಕೈಯಿಂದ ಹಾಕಿದ 2.9 ಲಕ್ಷ ಬ್ಯಾಂಕಿನ ಎಫ್‌ಡಿಯಲ್ಲಿ ಇದ್ದಿದ್ದರೆ, ಶೇ 7 ಬಡ್ಡಿಯಲ್ಲಿ ಐದು ವರ್ಷಕ್ಕೆ 1.17 ಲಕ್ಷ ದುಡಿಯುತ್ತಿತ್ತು. ಕಾರಿಗೆ ಹಾಕಿದ್ದರಿಂದ ಅದು ಕೈಬಿಟ್ಟು ಹೋಯಿತು. ಇದನ್ನೂ ಖರ್ಚು ಅಂತಲೇ ಬರೆಯಬೇಕು.

ಎರಡನೇ ವರ್ಷದಿಂದ ಇನ್ಶೂರೆನ್ಸ್ ಕ್ರಮೇಣ ಕಡಿಮೆಯಾಗುತ್ತದೆ. ನಾಲ್ಕು ವರ್ಷಕ್ಕೆ ಸೇರಿ 80,000 ಇಟ್ಟೆವು. ಸರ್ವಿಸ್, ಒಂದು ಸಲ ಟೈರು, ಒಂದು ಸಲ ಬ್ಯಾಟರಿ, ಎಲ್ಲ ಸೇರಿ 75,000. ಒಟ್ಟು ಮೊತ್ತ 15.58 ಲಕ್ಷ. ಐದು ವರ್ಷದ ನಂತರ ಮಾರಿದರೆ 4.5 ಲಕ್ಷ ಬರುತ್ತದೆ ಅಂದುಕೊಳ್ಳೋಣ. ಅದನ್ನು ಕಳೆದರೆ ನಿಜವಾದ ಖರ್ಚು 11.08 ಲಕ್ಷ. 60 ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ ಸುಮಾರು 18,500. ಪೆಟ್ರೋಲ್, ಪಾರ್ಕಿಂಗ್ ಇದಕ್ಕೆ ಸೇರಿಲ್ಲ. ಅವೆರಡೂ ಬಾಡಿಗೆ ಕಾರಿಗೂ ಇದ್ದದ್ದೇ.

ವರ್ಷ ಬದಲಾದರೆ ಉತ್ತರವೂ ಬದಲಾಗುತ್ತದೆ

ಬಾಡಿಗೆ ಕಂಪನಿಯಿಂದ ತಂಗಿ ತಂದ ಕೊಟೇಶನ್‌ನಲ್ಲಿ ಅದೇ ಕಾರಿಗೆ ಎರಡು ವರ್ಷಕ್ಕೆ ತಿಂಗಳಿಗೆ 20,340 ರೂಪಾಯಿ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ "ಜಿಎಸ್‌ಟಿ ಪ್ರತ್ಯೇಕ". ಬರೀ ಕಾರನ್ನು ಬಾಡಿಗೆಗೆ ಕೊಟ್ಟರೆ, ಆ ಕಾರು ಕೊಳ್ಳುವಾಗ ಎಷ್ಟು ಜಿಎಸ್‌ಟಿಯೋ ಬಾಡಿಗೆಗೂ ಅಷ್ಟೇ. ಸಣ್ಣ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40. ಅಲ್ಲಿಗೆ 24,000 ಆಯಿತು. ಕೊಟೇಶನ್ ನೋಡುವಾಗ ಮೊದಲು ಕೇಳಬೇಕಾದ್ದೇ ಇದು.

24,000ವನ್ನು 18,500ರ ಪಕ್ಕ ಇಟ್ಟರೆ ಸ್ವಂತ ಕಾರು ಗೆದ್ದ ಹಾಗೆ ಕಾಣುತ್ತದೆ. ಆದರೆ ತಂಗಿ ಐದು ವರ್ಷ ಇರುವವಳಲ್ಲ. ಎರಡೇ ವರ್ಷ. ಹಾಗಾಗಿ ಲೆಕ್ಕವನ್ನು ಎರಡು ವರ್ಷಕ್ಕೆ ಮತ್ತೆ ಹಾಕಿದೆವು.

ಆನ್‌ರೋಡ್ 10.9 ಲಕ್ಷ ಅಷ್ಟೇ ಇರುತ್ತದೆ. ಮೊದಲ ಎರಡು ವರ್ಷದ ಕಂತಿನಲ್ಲಿ ಬಡ್ಡಿಯ ಪಾಲು ಮುಂದಿನ ವರ್ಷಗಳಿಗಿಂತ ಹೆಚ್ಚು, 1.21 ಲಕ್ಷ. ಸಾಲ ಇನ್ನೂ 5.22 ಲಕ್ಷ ಬಾಕಿ. ಅವಧಿಗೆ ಮುಂಚೆ ತೀರಿಸಿದರೆ ನಿಗದಿತ ಬಡ್ಡಿಯ ಸಾಲಕ್ಕೆ ದಂಡ ಹಾಕುವುದುಂಟು. ಶೇ 4 ಅಂದರೆ 21,000. ಎಫ್‌ಡಿಯಲ್ಲಿ ತಪ್ಪಿಹೋದ ಬಡ್ಡಿ 42,000. ಎರಡನೇ ವರ್ಷದ ಇನ್ಶೂರೆನ್ಸ್ 25,000, ಸರ್ವಿಸ್ 12,000. ಒಟ್ಟು 13.11 ಲಕ್ಷ. ಎರಡು ವರ್ಷ ಓಡಿದ ಕಾರಿಗೆ 6.7 ಲಕ್ಷ ಸಿಕ್ಕಿತು ಅಂದುಕೊಂಡರೂ 6.41 ಲಕ್ಷ ಹೋಯಿತು. ತಿಂಗಳಿಗೆ 26,700!

ಅದೇ ಕಾರು, ಅದೇ ಸಾಲ. ಎರಡು ವರ್ಷಕ್ಕೆ ಮಾರಿದರೆ ತಿಂಗಳಿಗೆ 26,700, ಮೂರು ವರ್ಷಕ್ಕೆ ಮಾರಿದರೆ ಸುಮಾರು 22,250, ಐದು ವರ್ಷಕ್ಕೆ 18,500. ಎಂಟು ವರ್ಷ ಇಟ್ಟುಕೊಂಡರೆ, ರಿಪೇರಿಗೆ 1.6 ಲಕ್ಷ ಹಾಕಿದರೂ, 15,600ಕ್ಕೆ ಇಳಿಯುತ್ತದೆ. ಬಾಡಿಗೆ ಮಾತ್ರ ಹೀಗೆ ಇಳಿಯುವುದಿಲ್ಲ. ಅವಧಿ ಹೆಚ್ಚಿಸಿದರೆ ಸ್ವಲ್ಪ ಕಡಿಮೆ ಮಾಡಿಕೊಡುತ್ತಾರೆ, ಅಷ್ಟೇ. ಎಂಟನೇ ವರ್ಷವೂ ತಿಂಗಳ ಮೊದಲ ವಾರದಲ್ಲಿ ಖಾತೆಯಿಂದ ದುಡ್ಡು ಹೋಗುತ್ತಲೇ ಇರುತ್ತದೆ. ಸ್ವಂತ ಕಾರಿನ ಕಂತು ಐದನೇ ವರ್ಷಕ್ಕೇ ತೀರಿರುತ್ತದೆ.

ನನಗೆ ಈ ವಿಷಯದಲ್ಲಿ ಇರುವ ಗಟ್ಟಿ ಅಭಿಪ್ರಾಯ ಇದೊಂದೇ. ಬಾಡಿಗೆ ಒಳ್ಳೆಯದೋ ಸ್ವಂತ ಒಳ್ಳೆಯದೋ ಅಂತ ಕೇಳುವ ಮೊದಲು, ಈ ಕಾರು ನನ್ನ ಹತ್ತಿರ ಎಷ್ಟು ವರ್ಷ ಇರುತ್ತದೆ ಅಂತ ಕೇಳಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಎರಡೂವರೆಯಿಂದ ಮೂರು ವರ್ಷದ ನಡುವೆ ಎರಡೂ ಸಮ ಆದವು. ಅದಕ್ಕಿಂತ ಕಡಿಮೆ ಇದ್ದರೆ ಬಾಡಿಗೆಗೆ ಬಲ. ಐದು ದಾಟುತ್ತದೆ ಅಂತ ಖಾತ್ರಿ ಇದ್ದರೆ ಯೋಚಿಸುವುದೇ ಬೇಡ, ಕೊಂಡುಬಿಡಿ.

ಮೊದಲ ವರ್ಷಗಳು ಇಷ್ಟು ದುಬಾರಿ ಯಾಕೆ? ಕಾರಿನ ಬೆಲೆ ಇಳಿಯುವುದು ಏಣಿ ಇಳಿದ ಹಾಗಲ್ಲ, ಅಂಗಳಕ್ಕೆ ಜಿಗಿದ ಹಾಗೆ. ಇನ್ಶೂರೆನ್ಸ್ ಕಂಪನಿಗಳು ಕಾರಿನ ಬೆಲೆ ಕಟ್ಟುವ ಪಟ್ಟಿ ನೋಡಿ. ಆರು ತಿಂಗಳೊಳಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡಕ್ಕೆ ಶೇ 20, ಮೂರಕ್ಕೆ ಶೇ 30, ಐದಕ್ಕೆ ಶೇ 50 ಕಳೆಯುತ್ತಾರೆ. ಅದೂ ಎಕ್ಸ್ ಶೋರೂಂ ಬೆಲೆಯ ಮೇಲೆ. ನಾವು ಕಟ್ಟಿದ 1.4 ಲಕ್ಷ ಜೀವಿತಾವಧಿ ತೆರಿಗೆಯನ್ನು ಕೊಳ್ಳುವವನು ಹಾಗೇ ತಿರುಗಿಸಿ ಕೊಡುವುದಿಲ್ಲ. ಹದಿನೈದು ವರ್ಷದ ತೆರಿಗೆ ಕಟ್ಟಿ ಎರಡೇ ವರ್ಷ ಓಡಿಸಿದರೆ ನಷ್ಟ ಆಗದೆ ಇರುತ್ತದಾ? ಬೇರೆ ರಾಜ್ಯಕ್ಕೆ ಗಾಡಿ ಒಯ್ದು ಅಲ್ಲಿ ಮರುನೋಂದಣಿ ಮಾಡಿಸಿದರೆ ಉಳಿದ ವರ್ಷಗಳ ಲೆಕ್ಕದಲ್ಲಿ ಸ್ವಲ್ಪ ವಾಪಸ್ ಕೇಳಬಹುದು. ಆದರೆ ಎನ್‌ಒಸಿ, ಅರ್ಜಿ, ಆರ್‌ಟಿಒ ಓಡಾಟಕ್ಕೆ ತಾಳ್ಮೆ ಬೇಕು.

ಬೆಲೆ ಇಳಿಯುವ ಭಯ ಯಾರ ತಲೆ ಮೇಲೆ

ಸ್ವಂತ ಕಾರಿನವರ ಇನ್ನೊಂದು ಹೊರೆ 2025ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಕಂಡಿತು. ಆ ತಿಂಗಳ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಮೇಲಿದ್ದ ಸೆಸ್ಸೂ ಹೋಯಿತು. ಹೊಸ ಕಾರು ಕೊಳ್ಳುವವರಿಗೆ ಹಬ್ಬ. ಆದರೆ ಆಗಸ್ಟ್‌ನಲ್ಲಿ ಪೂರ್ತಿ ಬೆಲೆ ಕೊಟ್ಟು ತಂದವರ ಗತಿ? ಹೊಸದೇ ಅಗ್ಗವಾದ ಮೇಲೆ ಹಳೆಯದಕ್ಕೆ ಮೊದಲಿನ ಬೆಲೆ ಯಾರು ಕೊಡುತ್ತಾರೆ? ಬಾಡಿಗೆಗೆ ಓಡಿಸುತ್ತಿದ್ದವರಿಗೆ ಆ ಚಿಂತೆ ಇರಲಿಲ್ಲ. ನಷ್ಟ ಕಂಪನಿಯದ್ದಾಯಿತು.

ಎಲೆಕ್ಟ್ರಿಕ್ ಕಾರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಪ್ರತಿ ವರ್ಷ ಹೊಸ ಬ್ಯಾಟರಿ, ಜಾಸ್ತಿ ದೂರ ಓಡುವ ಹೊಸ ಮಾಡೆಲ್ ಬರುತ್ತಿರುವಾಗ, ನಾಲ್ಕು ವರ್ಷದ ನಂತರ ಇವತ್ತಿನ ಎಲೆಕ್ಟ್ರಿಕ್ ಕಾರಿಗೆ ಎಷ್ಟು ಬೆಲೆ ಅಂತ ಧೈರ್ಯವಾಗಿ ಹೇಳುವವರು ಕಡಿಮೆ. ಅದಕ್ಕೇ ಕಂಪನಿಗಳೇ ನಡುದಾರಿ ಹುಡುಕಿವೆ. 2024ರ ಸೆಪ್ಟೆಂಬರ್‌ನಲ್ಲಿ ಎಂಜಿ ಕಂಪನಿ ವಿಂಡ್ಸರ್ ಕಾರು ತಂದಾಗ, ಕಾರು ನಿಮ್ಮದು, ಬ್ಯಾಟರಿ ಮಾತ್ರ ಬಾಡಿಗೆ ಅಂದಿತು. ಕಾರಿಗೆ 9.99 ಲಕ್ಷದಿಂದ ಶುರು, ಬ್ಯಾಟರಿಗೆ ಕಿಲೋಮೀಟರಿಗೆ 3.5 ರೂಪಾಯಿ. ಎಲೆಕ್ಟ್ರಿಕ್ ಕಾರಿನ ಆಸೆಯಿದ್ದು, ಮುಂದೆ ಏನಾಗುತ್ತದೋ ಅನ್ನುವ ಅಳುಕೂ ಇದ್ದರೆ, ಒಂದೆರಡು ವರ್ಷ ಬಾಡಿಗೆಗೆ ಓಡಿಸಿ ನೋಡುವುದು ಬುದ್ಧಿವಂತಿಕೆ ಅಂತಲೇ ನಾನು ಹೇಳುತ್ತೇನೆ.

ಬಾಡಿಗೆ ಕರಾರಿನ ಒಳಗೆ ಏನಿರುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನನಗೇ ಇದರಲ್ಲಿ ಪೆಟ್ಟು ಬಿದ್ದಿದೆ.

ಕೆಲವು ವರ್ಷದ ಹಿಂದೆ ಒಂದು ವರ್ಷದ ಮಟ್ಟಿಗೆ ನಾನೂ ಕಾರು ಬಾಡಿಗೆಗೆ ಇಟ್ಟುಕೊಂಡಿದ್ದೆ. ಯಾವ ತಾಪತ್ರಯವೂ ಇರಲಿಲ್ಲ. ಸರ್ವಿಸ್‌ಗೆ ಅವರೇ ಬಂದು ಗಾಡಿ ಒಯ್ಯುತ್ತಿದ್ದರು. ಆದರೆ ವಾಪಸ್ ಕೊಡುವ ದಿನ ಹುಡುಗನೊಬ್ಬ ಟಾರ್ಚ್ ಹಿಡಿದು ಗಾಡಿ ಸುತ್ತಿದ. ಹಿಂದಿನ ಬಂಪರಿನ ಗೀರು, ಎಡಬಾಗಿಲ ಕೆಳಗೆ ಸಣ್ಣ ತಗ್ಗು, ಸೀಟಿನ ಮೇಲೊಂದು ಕಲೆ. ಅಡ್ವಾನ್ಸಿನಿಂದ 14,000 ಹಿಡಿದುಕೊಂಡರು. ಬಂಪರಿನ ಗೀರು ನನಗೆ ಗಾಡಿ ಸಿಕ್ಕಾಗಲೇ ಇತ್ತು. ಆದರೆ ನನ್ನ ಹತ್ತಿರ ಫೋಟೋ ಇರಲಿಲ್ಲ. ಮಾತಿಗೆ ಬೆಲೆ ಬರಲಿಲ್ಲ. ಗಾಡಿ ಕೈಗೆ ಬಂದ ದಿನವೇ ಸುತ್ತಲೂ, ಒಳಗೂ, ಡಿಕ್ಕಿಯಲ್ಲೂ ವಿಡಿಯೋ ಮಾಡಿ ಅವರಿಗೇ ಇಮೇಲ್ ಕಳಿಸಿಡಿ. ಐದು ನಿಮಿಷದ ಕೆಲಸ.

ಕಿಲೋಮೀಟರಿನ ಮಿತಿ ಇನ್ನೊಂದು. ಬಾಡಿಗೆ ಗೊತ್ತುಮಾಡುವಾಗಲೇ ತಿಂಗಳಿಗೆ ಇಷ್ಟು ಅಂತ ಹಾಕಿರುತ್ತಾರೆ. ತಂಗಿಯ ಕೊಟೇಶನ್‌ನಲ್ಲಿ 1,500 ಇತ್ತು, ದಾಟಿದರೆ ಕಿಲೋಮೀಟರಿಗೆ 8 ರೂಪಾಯಿ. ಬೆಂಗಳೂರಿನೊಳಗೆ ಮಾತ್ರ ಓಡಿಸುವವರಿಗೆ ಇದು ಧಾರಾಳ. ಊರು ದೂರ ಇರುವವರಿಗೆ ಅಲ್ಲ.

ನಡುವೆ ಬಿಟ್ಟರೆ ದಂಡ ಎಷ್ಟು, ಅಪಘಾತವಾದರೆ ನಮ್ಮ ಕೈಯಿಂದ ಮೊದಲು ಎಷ್ಟು ಕಟ್ಟಬೇಕು, ಗಾಡಿ ರಿಪೇರಿಗೆ ಹೋದಾಗ ಬದಲಿ ಗಾಡಿ ಕೊಡುತ್ತಾರಾ, ಈ ಮೂರೂ ಬರಹದಲ್ಲಿ ಇರಬೇಕು. ಬಾಯಿಮಾತು ಸಾಲದು. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಕ್ಲೇಮ್ ಮಾಡದೆ ಜಾಗ್ರತೆಯಿಂದ ಓಡಿಸಿದರೆ ಸ್ವಂತ ಕಾರಿನವರಿಗೆ ನೋ ಕ್ಲೇಮ್ ಬೋನಸ್ ಬೆಳೆಯುತ್ತದೆ. ಮೊದಲು ಶೇ 20, ಐದು ವರ್ಷಕ್ಕೆ ಶೇ 50. ಅದು ಗಾಡಿಯದಲ್ಲ, ಮಾಲೀಕರದು. ಹೊಸ ಕಾರಿಗೂ ಒಯ್ಯಬಹುದು. ಪಾಲಿಸಿ ಕಂಪನಿಯ ಹೆಸರಿನಲ್ಲಿದ್ದರೆ ನೀವು ಎಷ್ಟೇ ಹುಷಾರಾಗಿ ಓಡಿಸಿದರೂ ಆ ಬೋನಸ್ ಅವರದು. ಹೊಣೆ ಮಾತ್ರ ನಿಮ್ಮದು. ಲೀಸ್ ಕರಾರಿನ ಮೇಲೆ ಗಾಡಿ ಯಾರ ವಶದಲ್ಲಿದೆಯೋ ಅವರೇ ಮಾಲೀಕರು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹಾಗಾಗಿ ಇನ್ಶೂರೆನ್ಸ್ ನವೀಕರಣ ಆಗಿದೆಯಾ ಅಂತ ಪ್ರತಿ ವರ್ಷ ನೀವೇ ನೋಡಬೇಕು.

ಕಂಪನಿ ಎಷ್ಟು ಗಟ್ಟಿ ಅನ್ನುವುದೂ ಮುಖ್ಯ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೂ ಓಡುತ್ತಿದ್ದ ಬ್ಲೂಸ್ಮಾರ್ಟ್ ಎಲೆಕ್ಟ್ರಿಕ್ ಕ್ಯಾಬುಗಳು ಇದ್ದಕ್ಕಿದ್ದಂತೆ ನಿಂತವು. ಅದರ ಹೆಚ್ಚಿನ ಕಾರುಗಳು ಸ್ವಂತದ್ದಲ್ಲ, ಜೆನ್ಸೋಲ್ ಎಂಬ ಕಂಪನಿಯಿಂದ ಲೀಸ್‌ಗೆ ಬಂದವು. ಆ ಕಾರು ಕೊಳ್ಳಲು ತಂದ ಸಾಲದ ಬಳಕೆಯ ಬಗ್ಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಆದೇಶ ಹೊರಡಿಸಿದ ಬೆನ್ನಿಗೇ ಇದು ನಡೆಯಿತು. ಅದು ಕ್ಯಾಬಿನ ವ್ಯವಹಾರ, ಮನೆಯ ಕಾರಿನದಲ್ಲ ನಿಜ. ಆದರೂ ಗಾಡಿಯ ಮಾಲೀಕ ಬೇರೆಯಾಗಿದ್ದರೆ, ಅವನ ತಾಪತ್ರಯ ಸ್ಟೀರಿಂಗ್ ಹಿಡಿದವನಿಗೂ ತಟ್ಟುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಅಡ್ವಾನ್ಸ್ ಮೊತ್ತ ಕಡಿಮೆ ಇದ್ದಷ್ಟು ನಿಮಗೆ ಒಳ್ಳೆಯದು.

ಸಂಬಳದವರಿಗೆ ಬೇರೆ ಲೆಕ್ಕ

ನಿಮ್ಮ ಕಂಪನಿಯೇ ಕಾರು ಲೀಸ್‌ಗೆ ಪಡೆದು ನಿಮಗೆ ಕೊಡುವ ಯೋಜನೆ ಇದ್ದರೆ, ಮೇಲಿನ ಲೆಕ್ಕ ಪೂರ್ತಿ ತಿರುಗಬಹುದು. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಇದು ಮಾಮೂಲಿ. ಇಲ್ಲಿ ಬಾಡಿಗೆ ನಿಮ್ಮ ಸಂಬಳದಿಂದಲೇ ಹೋಗುತ್ತದೆ, ಆದರೆ ಆದಾಯ ತೆರಿಗೆ ಹಾಕುವ ಮೊದಲೇ ಹೋಗುತ್ತದೆ. ಆಫೀಸಿಗೂ ಮನೆಗೂ ಎರಡಕ್ಕೂ ಬಳಸುವ ಕಾರಾದರೆ, ಅದರ ಸವಲತ್ತಿನ ಬೆಲೆ ಅಂತ ನಿಯಮದಲ್ಲಿ ನಿಗದಿಯಾದ ಒಂದು ಸಣ್ಣ ಮೊತ್ತಕ್ಕೆ ಮಾತ್ರ ತೆರಿಗೆ ಬೀಳುತ್ತದೆ.

ಶೇ 30ರ ತೆರಿಗೆ ಕಟ್ಟುವವರಿಗೆ 25,000 ಬಾಡಿಗೆಯಲ್ಲಿ ಸೆಸ್ ಸೇರಿ 7,800ರವರೆಗೆ ತೆರಿಗೆ ಉಳಿಯುತ್ತದೆ. ನಿಗದಿತ ಮೊತ್ತದ ಮೇಲಿನ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳಬೇಕು. ಆದರೂ ಬಾಡಿಗೆ 18,000ದ ಆಸುಪಾಸಿಗೆ ಬರುತ್ತದೆ. ಐದು ವರ್ಷದ ಸ್ವಂತ ಕಾರಿಗೆ ಸಮ! ಕೆಲಸ ಬಿಟ್ಟರೆ ಏನು ಅನ್ನುವುದೇ ಇಲ್ಲಿನ ಮುಳ್ಳು. ಉಳಿದ ಲೀಸ್ ಮೊತ್ತ ಕಟ್ಟಿ ಕಾರು ನೀವೇ ಕೊಳ್ಳಬೇಕು, ಇಲ್ಲವೇ ದಂಡ ಕಟ್ಟಿ ಬಿಡಬೇಕು. ಒಂದೂವರೆ ವರ್ಷಕ್ಕೊಮ್ಮೆ ಕೆಲಸ ಬದಲಿಸುವವರು ಇದಕ್ಕೆ ಕೈಹಾಕುವ ಮುಂಚೆ ಆ ಷರತ್ತನ್ನು ಎರಡು ಸಲ ಓದಬೇಕು.

ಸ್ವಂತ ವ್ಯಾಪಾರ, ವೃತ್ತಿ ಇರುವವರಿಗೂ ಅನುಕೂಲ ಇದೆ. ವೃತ್ತಿಗೆ ಬಳಸಿದ ಮಟ್ಟಿಗೆ ಬಾಡಿಗೆಯನ್ನು ಖರ್ಚಾಗಿ ತೋರಿಸಬಹುದು. ಸ್ವಂತ ಕಾರಾದರೆ ವರ್ಷಕ್ಕೆ ಶೇ 15ರ ಸವಕಳಿ ಮತ್ತು ಸಾಲದ ಬಡ್ಡಿ. ನಿಮ್ಮ ಆಡಿಟರ್ ಹತ್ತಿರ ಒಂದು ಮಾತು ಕೇಳಿ.

ಇಷ್ಟಕ್ಕೂ ಕಾರು ಬೇಕಾ?

ತಂಗಿಗೆ ನಾನು ಕೇಳಿದ ಕೊನೆಯ ಪ್ರಶ್ನೆ ಇದು. ಅವಳಿಗೆ ಸ್ವಲ್ಪ ಬೇಜಾರಾಯಿತು, ಆದರೂ ಕೇಳಲೇಬೇಕಿತ್ತು.

2024ರ ಫೆಬ್ರವರಿಯಲ್ಲಿ ರಾಜ್ಯ ಸಾರಿಗೆ ಇಲಾಖೆ ಕ್ಯಾಬುಗಳಿಗೆ ಒಂದೇ ದರ ಗೊತ್ತುಮಾಡಿತು. 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಅಂದರೆ 10 ಕಿಲೋಮೀಟರಿನ ಪ್ರಯಾಣಕ್ಕೆ 244. ಸ್ವಂತ ಕಾರಿಗೆ ಪೆಟ್ರೋಲೇ ಕಿಲೋಮೀಟರಿಗೆ 7 ರೂಪಾಯಿ ಆಗುತ್ತದೆ. ಉಳಿಯುವುದು 17 ಚಿಲ್ಲರೆ. ಐದು ವರ್ಷದ ಸ್ವಂತ ಕಾರಿನ 18,500ವನ್ನು ಇದರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 1,060 ಕಿಲೋಮೀಟರ್. ಅಷ್ಟು ಓಡದಿದ್ದರೆ ಕ್ಯಾಬೇ ಅಗ್ಗ. ಮನೆ ಹತ್ತಿರ ಮೆಟ್ರೋ ಇದ್ದರಂತೂ ಹೇಳುವುದೇ ಬೇಡ. ಯುಗಾದಿಗೋ ದಸರಾಕ್ಕೋ ಊರಿಗೆ ಹೋಗಲು ಮಾತ್ರ ಕಾರು ಬೇಕಾದವರು ನಾಲ್ಕು ದಿನಕ್ಕೆ ಬಾಡಿಗೆಗೆ ಪಡೆಯಬಹುದು. ವಾರವಿಡೀ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಧೂಳು ಹಿಡಿದು ನಿಂತ ಕಾರುಗಳನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಯಾರದೋ ಬೆವರಿನ ದುಡ್ಡು ಅದು.

ಆದರೆ ತಂಗಿಯ ಓಡಾಟ ಹಾಗಿರಲಿಲ್ಲ. ಅವಳ ಅತ್ತೆಗೆ ಹುಷಾರಿಲ್ಲ. ತಿಂಗಳಿಗೆ ಎರಡು ಸಲ ಮಗುವನ್ನೂ ಕರೆದುಕೊಂಡು ಮಂಗಳೂರಿಗೆ ಹೋಗಲೇಬೇಕು. ಒಂದು ಸಲ ಹೋಗಿಬರಲು 700 ಕಿಲೋಮೀಟರ್. ಬೆಂಗಳೂರಿನೊಳಗೆ 400. ಒಟ್ಟು 1,800. ಕ್ಯಾಬ್ ಆಗದ ಮಾತು. ಬಾಡಿಗೆ ಕಾರಿನ ಮಿತಿ 1,500. ಹೆಚ್ಚಿನ 300ಕ್ಕೆ ತಿಂಗಳಿಗೆ 2,400 ಕಟ್ಟಬೇಕು. ಅಲ್ಲಿಗೆ ಬಾಡಿಗೆ 26,400. ಹೊಸದು ಕೊಂಡು ಎರಡು ವರ್ಷಕ್ಕೆ ಮಾರಿದರೆ 26,700. ಇಷ್ಟು ಹೊತ್ತು ಕೂತು ಹಾಕಿದ ಲೆಕ್ಕ ಸಮಸಮ ಬಂದು ನಿಂತಿತು.

ಆಗ ಅವಳ ಗಂಡ ಕೇಳಿದ: "ಮೂರು ವರ್ಷ ಹಳೇ ಕಾರು ತಗೊಂಡ್ರೆ?"

ನಾವು ಯಾರೂ ಅದನ್ನು ಬರೆದೇ ಇರಲಿಲ್ಲ. ಬೆಲೆಯ ದೊಡ್ಡ ಇಳಿತವನ್ನು ಮೊದಲ ಮಾಲೀಕ ನುಂಗಿರುತ್ತಾನೆ. ಜೀವಿತಾವಧಿ ತೆರಿಗೆ ಅವನೇ ಕಟ್ಟಿರುತ್ತಾನೆ, ರಾಜ್ಯದೊಳಗೇ ಕೊಂಡರೆ ಮತ್ತೆ ಕಟ್ಟಬೇಕಿಲ್ಲ. ಅದೇ ಮಾಡೆಲ್, ಹೆಸರು ಬದಲಾವಣೆಯೂ ಸೇರಿ 6.5 ಲಕ್ಷ. ಎರಡು ವರ್ಷದ ನಂತರ 4.5 ಲಕ್ಷಕ್ಕೆ ಮಾರಬಹುದು. ಎಫ್‌ಡಿ ಮುರಿದದ್ದರಿಂದ ತಪ್ಪಿಹೋಗುವ ಬಡ್ಡಿ 94,000. ಇನ್ಶೂರೆನ್ಸ್ 40,000, ರಿಪೇರಿ ಮತ್ತು ಟೈರಿಗೆ 50,000. ಎಲ್ಲ ಸೇರಿ 3.84 ಲಕ್ಷ. ತಿಂಗಳಿಗೆ 16,000. ಹೊಸದಕ್ಕಿಂತ, ಬಾಡಿಗೆಗಿಂತ ತಿಂಗಳಿಗೆ 10,000 ಕಡಿಮೆ.

ಹಳೇ ಗಾಡಿಯಲ್ಲಿ ಮೋಸ ಹೋಗುವ ಭಯ ಇದ್ದೇ ಇರುತ್ತದೆ. ಅದಕ್ಕೆ ನಂಬಿಕೆಯ ಮೆಕ್ಯಾನಿಕ್ ಬೇಕು, ಸರ್ವಿಸ್ ದಾಖಲೆ ನೋಡಬೇಕು, ಸಾಲ ತೀರಿದೆಯಾ ಅಂತ ಆರ್‌ಸಿಯಲ್ಲಿ ಪರೀಕ್ಷಿಸಬೇಕು. ಎರಡು ಗಾಡಿ ಬೇಡ ಅಂದ ಮೇಲೆ ಮೂರನೆಯದನ್ನು ಮೆಕ್ಯಾನಿಕ್ ಒಪ್ಪಿದರು. ಮಂಗಳೂರಿನದೇ ಗಾಡಿ, ಕೆಎ 19 ನಂಬರು. ಕೆಲಸ ಮುಗಿಸಿ ಊರಿಗೆ ಮರಳುವಾಗ ಮಾರಲೂಬಹುದು, ಇಟ್ಟುಕೊಳ್ಳಲೂಬಹುದು. ಇಟ್ಟುಕೊಂಡಷ್ಟೂ ತಿಂಗಳ ಲೆಕ್ಕ ಇಳಿಯುತ್ತದೆ.

ಈಗ ಅವಳು ಕಾರಿನ ಪ್ರತಿ ಖರ್ಚನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾಳೆ. ಐದು ತಿಂಗಳಾಯಿತು. ಕ್ಲಚ್ ಪ್ಲೇಟ್ ಬದಲಿಸಿದ್ದಕ್ಕೆ ನಾವು ಎಣಿಸಿರದ 9,000 ಹೋಗಿದೆ. ಮೊನ್ನೆ ಶಿರಾಡಿ ಘಾಟಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಆ ಪುಟದ ಫೋಟೋ ಕಳಿಸಿದ್ದಳು. ಅದನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ತಿಂಗಳಿಗೆ 16,375.